ಹಗ್ಗ ಹಿಡಿದವಳು

ಶುರುವಾದದ್ದು ಹಲ್ಲಿನಿಂದ.
ಎಡಗಡೆ ಮೇಲಿನ ದವಡೆಯದೊಂದು ಹುಳುಕು;
ಬೇಸಿಗೆಯಿಡೀ ಲವಂಗ ಕಚ್ಚಿ, ದ್ರಾಕ್ಷಿ ಸಾರಾಯಿ ಮುಕ್ಕಳಿಸಿ
ನಾಳೆ ನಾಳೆ ಅಂತ ತಳ್ಳುತ್ತ ಬಂದಿದ್ದನಂತೆ ಅಂಬ್ರೋಸಿ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ:
ಕೊಳೆತದ್ದು ಹಲ್ಲು, ತೂತು ಬಿದ್ದದ್ದು ತಲೆಗೆ.

ತೆಲಾವಿಯಿಂದ ಆಂಬುಲೆನ್ಸು ತ್ಬಿಲಿಸಿ ಮುಟ್ಟುವ ಹೊತ್ತಿಗೆ
ಹೆಂಡತಿ ತ್ಸಿಯಾಲಾಳನ್ನು ‘ಕತ್ತರಿ’ ಎನ್ನುತ್ತಿದ್ದ.
ದ್ರಾಕ್ಷಿಗೆ ಗುಂಡಿ. ನೀರಿಗೆ ಮಂಗಳವಾರ.
ಬಲಗೈ ಮಾತ್ರ, ಕರೆಯದೆ ಬಂದ ನೆಂಟನ ಹಾಗೆ,
ಮಡಿಲಲ್ಲಿ ಸುಮ್ಮನೆ ಕೂತಿತ್ತು.

ಡಾಕ್ಟರ್ ಲಾಮಾರಾ ತೆರೆಯ ಮೇಲೆ ಬೆರಳಿಟ್ಟರು:
ಬೂದು ಮಿದುಳಿನ ನಡುವೆ ಬೆಳ್ಳನೆಯ ಉಂಗುರ,
ಉಂಗುರದೊಳಗೆ ಕತ್ತಲು.
“ಕೀವಿನ ಸುತ್ತ ಮಿದುಳೇ ಕಟ್ಟಿಕೊಂಡ ಗೋಡೆ ಇದು.
ಕಳ್ಳನನ್ನು ಕೂಡಿಹಾಕಿತು, ಸರಿ.
ಈಗ ಕಳ್ಳ ಒಳಗೇ ಕೊಬ್ಬುತ್ತಿದ್ದಾನೆ.”
ತ್ಸಿಯಾಲಾ ಕೇಳಿದ್ದು ಒಂದೇ ಮಾತು:
ಬುರುಡೆ ಪೂರ್ತಿ ಬಿಚ್ಚುತ್ತೀರಾ?
ಇಲ್ಲಮ್ಮ. ಒಂದು ತೂತು.
ನಿಮ್ಮ ಹೆಬ್ಬೆರಳ ಉಗುರಿನಷ್ಟು.

ಆ ರಾತ್ರಿಯೇ ಸೂಜಿ ಇಳಿಯಿತು.
ಹದಿನೆಂಟು ಮಿಲಿ. ಹಸಿರೆನ್ನಲೋ ಹಳದಿಯೆನ್ನಲೋ.
ಶೀಷೆಯನ್ನು ಪ್ರಯೋಗಾಲಯಕ್ಕೆ ಒಯ್ದವಳು ನಾನು,
ಎಳೆಮಗುವನ್ನು ಹಿಡಿದಂತೆ, ಮೂಗು ಮಾತ್ರ ಆಚೆ ತಿರುಗಿಸಿ.
ಮೂರನೆಯ ದಿನ ಹೆಸರು ಬಂತು:
ಎಲ್ಲರ ಬಾಯಲ್ಲೂ ಇರುವ ಬಡಪಾಯಿ ಕ್ರಿಮಿ.
ಕೆಳಮನೆಯ ಬಾಡಿಗೆಯವನು, ಅಟ್ಟ ಹತ್ತಿದ್ದ.

ಇನ್ನು ನನ್ನ ಸರದಿ. ಆರು ವಾರ.
ಬೆಳಿಗ್ಗೆ ಒಂದು ಬಾಟಲಿ, ರಾತ್ರಿ ಒಂದು,
ಎಂಟು ಗಂಟೆಗೊಮ್ಮೆ ಇನ್ನೊಂದು. ಅದು
ಅನ್ನಕ್ಕೂ ಹಣ್ಣಿಗೂ ಹಳೆಯ ನಾಣ್ಯದ ರುಚಿ ಹಚ್ಚುವಂಥದ್ದು.
ಮೊದಲ ದಿನಗಳಲ್ಲಿ ಗಂಟೆಗೊಮ್ಮೆ
ಕಣ್ಣಿಗೆ ಟಾರ್ಚು ಬಿಟ್ಟು ಎಬ್ಬಿಸುತ್ತಿದ್ದೆ:
ಹೆಸರೇನು? ಯಾವ ತಿಂಗಳು? ನನ್ನ ಬೆರಳು ಹಿಂಡಿ.
ಬೈಯುತ್ತಿದ್ದ. ಬೈಗುಳಕ್ಕೆ ಮಾತ್ರ ಏನೂ ಆಗಿರಲಿಲ್ಲ,
ಒಂದೂ ತಪ್ಪದೆ, ವ್ಯಾಕರಣ ಸಮೇತ.

ಹತ್ತನೆಯ ದಿನ ಸೆಳವು. ಮತ್ತೆ ಸ್ಕ್ಯಾನು.
ಉಂಗುರ ಮತ್ತೆ ತುಂಬಿತ್ತು.
ಅದೇ ತೂತು, ಅದೇ ಸೂಜಿ, ಒಂಬತ್ತು ಮಿಲಿ.
ಲಾಮಾರಾ ಅಂದು ಕ್ಯಾಂಟೀನಿನಲ್ಲಿ
ಟೀ ತಣ್ಣಗಾಗುವವರೆಗೂ ಚಮಚ ತಿರುಗಿಸಿದರು.

ಸೆಪ್ಟೆಂಬರ್ ಕೊನೆ. ಕಾಖೇತಿಯಲ್ಲಿ ದ್ರಾಕ್ಷಿ ಕೊಯ್ಲು.
ಈತನ ಕಸುಬು ಕೊಯ್ಯುವುದಲ್ಲ, ತೊಳೆಯುವುದು:
ಹಗೇವಿನ ಹಾಗೆ ಕತ್ತಿನವರೆಗೂ ಹೂತ ಗುಡಾಣಕ್ಕೆ
ಭುಜ ಮುದುಡಿ ಇಳಿದು,
ಚೆರಿ ಮರದ ತೊಗಟೆಯಲ್ಲಿ ಗೋಡೆ ಉಜ್ಜುವುದು.
ಒಂದು ರಾತ್ರಿ, ಕೇಳದೆಯೇ, ಹೇಳಿದ:
“ಇಳಿದವನು ಹಾಡ್ತಾ ಇರಬೇಕು. ಒಳಗೆ... ಗಾಳಿ ಕೆಟ್ಟದ್ದು.
ಮೇಲೊಬ್ಬ... ಕತ್ತರಿ... ಅಲ್ಲ, ಅಲ್ಲ...
ಹಗ್ಗ. ಹಗ್ಗ ಹಿಡಿದಿರ್ತಾನೆ.
ಹಾಡು ನಿಂತರೆ ಎಳೀಬೇಕು.”
ನನ್ನ ಕೈಯ ಟಾರ್ಚನ್ನೇ ನೋಡುತ್ತಿದ್ದ.
ಅಂದಿನಿಂದ ನಾನು ಬಾಯಿ ತೆರೆಯುವ ಮೊದಲೇ
“ಅಂಬ್ರೋಸಿ, ಸೆಪ್ಟೆಂಬರ್” ಎಂದು ಬೆರಳು ಹಿಂಡುತ್ತಿದ್ದ.
ಅಕ್ಟೋಬರ್ ಬಂದ ಮೇಲೂ ಸೆಪ್ಟೆಂಬರೇ.

ತ್ಸಿಯಾಲಾ ಹೊಸ ವೈನು ತಂದಳು, ಜಾಮಿನ ಶೀಷೆಯಲ್ಲಿ, ಸೆರಗಿನ ಮರೆಯಲ್ಲಿ.
ಈ ಔಷಧಿಗೂ ಅದಕ್ಕೂ ಆಗದು, ಕಸಿದುಕೊಂಡೆ.
ಮೂಸುತ್ತೇನೆ, ಸಾಕು, ಅಂದ.
ಮೂಸಿದ. ಬಹಳ ಹೊತ್ತು.
ಆಮೇಲೆ “ನಾಣ್ಯ” ಎಂದು ಗೋಡೆಗೆ ಮುಖ ಮಾಡಿದ.
ಆ ಪದ ತಪ್ಪಿತ್ತೋ ಸರಿಯಿತ್ತೋ, ನನಗೆ ಗೊತ್ತಾಗಲಿಲ್ಲ.

ಹೊರಡುವ ದಿನ ಉಂಗುರ ಹೆಸರುಕಾಳಿನಷ್ಟಾಗಿತ್ತು.
ಕಿತ್ತ ಹಲ್ಲು ಪೇಪರಿನಲ್ಲಿ ಸುತ್ತಿ ಜೇಬಿನಲ್ಲಿ.
ಸೆಳವಿನ ಗುಳಿಗೆ ಮುಂದೆಯೂ ಬೇಕು, ಮೂರು ತಿಂಗಳಿಗೊಂದು ಸ್ಕ್ಯಾನು,
ಗುಡಾಣಕ್ಕೆ ಇಳಿಯುವ ಹಾಗಿಲ್ಲ. ಅದಕ್ಕೆ ತಲೆಯಾಡಿಸಲಿಲ್ಲ.
ಹೆಂಡತಿಯನ್ನು ಹೆಸರು ಹಿಡಿದು ಕರೆದ, ಎರಡು ಸಲ.
ನೀರಿಗೆ ಮಾತ್ರ ಇನ್ನೂ ಅದೇ.
ತಿದ್ದುವುದನ್ನು ಅವಳು ಬಿಟ್ಟಿದ್ದಳು.
ಲಿಫ್ಟಿನ ಬಾಗಿಲಲ್ಲಿ ಬಾಟಲಿ ಚಾಚಿ ಕೇಳಿದಳು:
“ಮಂಗಳವಾರ ಕುಡೀತೀಯಾ?”